ಉಳಿದ ದಾರಿಗಳನ್ನು ಹೇಳದ ಪತ್ರ: ಹ್ಯಾರಿಂಗೇ ಕೌನ್ಸಿಲ್ ತೆರಿಗೆ ಪ್ರಕರಣ

2012ರ ಆಗಸ್ಟ್ ಕೊನೆಯಲ್ಲಿ ಉತ್ತರ ಲಂಡನ್ನಿನ ಹ್ಯಾರಿಂಗೇ ಎಂಬ ಬರೋದ (ಬರೋ ಎಂದರೆ ತನ್ನದೇ ಕೌನ್ಸಿಲ್ ಇರುವ ನಗರದ ಆಡಳಿತ ವಿಭಾಗ) ಸುಮಾರು 36,000 ಮನೆಗಳಿಗೆ ಸ್ಥಳೀಯ ಕೌನ್ಸಿಲ್‌ನಿಂದ ಒಂದು ಪತ್ರ ತಲುಪಿತು. ಕಡಿಮೆ ಆದಾಯದ ಕಾರಣಕ್ಕೆ ಕೌನ್ಸಿಲ್ ತೆರಿಗೆಯಲ್ಲಿ ಪೂರ್ತಿಯಾಗಿಯೋ ಭಾಗಶಃವಾಗಿಯೋ ನೆರವು ಪಡೆಯುತ್ತಿದ್ದ ಮನೆಗಳು ಅವು. ಕೇಂದ್ರ ಸರ್ಕಾರ ಅನುದಾನ ಕಡಿತ ಮಾಡಿದೆ, ಆದ್ದರಿಂದ ಮುಂದಿನ ಏಪ್ರಿಲ್‌ನಿಂದ ನಿಮ್ಮ ನೆರವು ಕಡಿಮೆಯಾಗಲಿದೆ, ಈ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಸಿ ಎಂಬುದು ಪತ್ರದ ಸಾರ. ಜೊತೆಗೆ ಒಂದು ಪ್ರಶ್ನಾವಳಿ ಇತ್ತು. ಭರ್ತಿ ಮಾಡಿ ಕಳುಹಿಸಲು ನವೆಂಬರ್ 19ರವರೆಗೆ ಸಮಯವಿತ್ತು.

ಮೇಲ್ನೋಟಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಪ್ರತಿ ಮನೆಗೂ ಪತ್ರ ಹೋಗಿದೆ, ಹನ್ನೆರಡು ವಾರಗಳಷ್ಟು ಅವಧಿ ಕೊಟ್ಟಿದ್ದಾರೆ, ಸರಳ ಭಾಷೆಯಲ್ಲಿ ಬರೆದಿದ್ದಾರೆ. ಜನರ ಅಭಿಪ್ರಾಯ ಕೇಳುವ ವಿಷಯದಲ್ಲಿ ಎಷ್ಟೋ ಸ್ಥಳೀಯ ಸಂಸ್ಥೆಗಳು ಇದರ ಅರ್ಧದಷ್ಟು ಶ್ರಮವನ್ನೂ ಪಡುವುದಿಲ್ಲ. ಆದರೂ ಎರಡು ವರ್ಷಗಳ ನಂತರ, 2014ರ ಅಕ್ಟೋಬರ್ 29ರಂದು, ಬ್ರಿಟನ್ನಿನ ಸುಪ್ರೀಂ ಕೋರ್ಟ್ ಈ ಸಮಾಲೋಚನೆ ಕಾನೂನುಬಾಹಿರ ಎಂದು ತೀರ್ಪು ನೀಡಿತು. ಪತ್ರದಲ್ಲಿ ಬರೆದದ್ದರಷ್ಟೇ ಮುಖ್ಯವಾಗಿ ಬರೆಯದೆ ಬಿಟ್ಟದ್ದರ ಮೇಲೆ ನಿಂತ ತೀರ್ಪು ಇದು. ಬಡವರಿಗೆ ಸಂಬಂಧಿಸಿದ ಆಡಳಿತ ನಿರ್ಧಾರಗಳು ಎಲ್ಲಿ ಹಳಿ ತಪ್ಪುತ್ತವೆ ಎಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ. ಗೆದ್ದವರ ಕೈಗೆ ಕೊನೆಗೆ ಏನು ಬಂತು ಎಂಬ ಸಂಕಟವೂ ಇದರೊಳಗೇ ಇದೆ.

ತೆರಿಗೆ ಮತ್ತು ನೆರವು

ನಮ್ಮ ಊರುಗಳ ಆಸ್ತಿ ತೆರಿಗೆಗೂ ಇಂಗ್ಲೆಂಡಿನ ಕೌನ್ಸಿಲ್ ತೆರಿಗೆಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಇಲ್ಲಿ ಆಸ್ತಿ ತೆರಿಗೆ ಕಟ್ಟುವವರು ಮಾಲೀಕರು. ಬಾಡಿಗೆದಾರರ ಹೆಸರಿಗೆ ಬಿಲ್ ಬರುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ಮನೆಯಲ್ಲಿ ವಾಸಿಸುವವರೇ ತೆರಿಗೆ ಕಟ್ಟಬೇಕು. ಒಂದು ಕೋಣೆಯ ಬಾಡಿಗೆ ಫ್ಲ್ಯಾಟಿನಲ್ಲಿ ಮಗುವಿನೊಂದಿಗೆ ಇರುವ, ಕೆಲಸವಿಲ್ಲದ ತಾಯಿಯ ಹೆಸರಿಗೂ ಬಿಲ್ ಬರುತ್ತದೆ. ಮನೆಗಳನ್ನು 1991ರ ಏಪ್ರಿಲ್ 1ರಂದು ಇದ್ದ ಬೆಲೆಯ ಆಧಾರದ ಮೇಲೆ 'ಎ'ಯಿಂದ 'ಎಚ್'ವರೆಗೆ ಎಂಟು ಬ್ಯಾಂಡ್‌ಗಳಾಗಿ ವಿಂಗಡಿಸಲಾಗಿದೆ. ಅತಿ ದುಬಾರಿ ಬ್ಯಾಂಡಿನ ತೆರಿಗೆ ಅತಿ ಅಗ್ಗದ ಬ್ಯಾಂಡಿನ ಮೂರು ಪಟ್ಟು ಮಾತ್ರ. ಮನೆಯ ಬೆಲೆ ಹತ್ತಾರು ಪಟ್ಟು ಹೆಚ್ಚಿದ್ದರೂ ತೆರಿಗೆ ಮೂರು ಪಟ್ಟು ದಾಟುವುದಿಲ್ಲ. ಅಂದರೆ ಕಟ್ಟುವ ಶಕ್ತಿಗೂ ಕಟ್ಟಬೇಕಾದ ಮೊತ್ತಕ್ಕೂ ಈ ತೆರಿಗೆಯಲ್ಲಿ ಹೊಂದಾಣಿಕೆ ಮೊದಲಿನಿಂದಲೂ ಕಡಿಮೆ. ಆ ಕೊರತೆಯನ್ನು ತುಂಬುತ್ತಿದ್ದದ್ದು ಬಡವರಿಗಿದ್ದ ತೆರಿಗೆ ನೆರವು.

ಇದಕ್ಕೊಂದು ಹಿನ್ನೆಲೆಯಿದೆ. ಮಾರ್ಗರೆಟ್ ಥ್ಯಾಚರ್ ಸರ್ಕಾರ 1989ರಲ್ಲಿ ಸ್ಕಾಟ್ಲೆಂಡಿನಲ್ಲಿ, 1990ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಲೆಗಂದಾಯ ತಂದಿತ್ತು. 'ಪೋಲ್ ಟ್ಯಾಕ್ಸ್' ಎಂದೇ ಜನ ಕರೆದ ಆ ಕಂದಾಯದಲ್ಲಿ ಎಷ್ಟೇ ಬಡವರಾದರೂ ಶೇ. 80ಕ್ಕಿಂತ ಹೆಚ್ಚು ವಿನಾಯಿತಿ ಇರಲಿಲ್ಲ. ಕನಿಷ್ಠ ಐದನೇ ಒಂದು ಭಾಗವನ್ನು ಎಲ್ಲರೂ ಕಟ್ಟಬೇಕು ಎಂಬುದು ನಿಯಮ. 1990ರ ಮಾರ್ಚ್ 31ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ದೊಡ್ಡ ಗಲಭೆಯಾಯಿತು, ವಸೂಲಾತಿ ಕುಸಿಯಿತು, ಕೊನೆಗೆ ಆ ಕಂದಾಯವೇ ರದ್ದಾಯಿತು. 1993ರ ಏಪ್ರಿಲ್‌ನಲ್ಲಿ ಅದರ ಜಾಗಕ್ಕೆ ಕೌನ್ಸಿಲ್ ತೆರಿಗೆ ಬಂದಾಗ ಕಡುಬಡವರಿಗೆ ಪೂರ್ತಿ ನೆರವು ಮರಳಿತು. ಇಡೀ ದೇಶಕ್ಕೆ ಒಂದೇ ನಿಯಮ, ಖರ್ಚು ಕೇಂದ್ರದ್ದು, ಅರ್ಜಿ ಪರಿಶೀಲನೆ ಮಾತ್ರ ಸ್ಥಳೀಯ ಕೌನ್ಸಿಲ್‌ನದು. ಇಪ್ಪತ್ತು ವರ್ಷ ಈ ವ್ಯವಸ್ಥೆ ನಡೆಯಿತು.

2010ರ ಖರ್ಚು ಪರಾಮರ್ಶೆಯಲ್ಲಿ ಕನ್ಸರ್ವೇಟಿವ್ ಮತ್ತು ಲಿಬರಲ್ ಡೆಮಾಕ್ರಟ್ ಸಮ್ಮಿಶ್ರ ಸರ್ಕಾರ ಇದನ್ನು ಬದಲಾಯಿಸುವುದಾಗಿ ಘೋಷಿಸಿತು. ರಾಷ್ಟ್ರೀಯ ನೆರವು ಯೋಜನೆ ರದ್ದು. 2013ರ ಏಪ್ರಿಲ್‌ನಿಂದ ಪ್ರತಿ ಕೌನ್ಸಿಲ್ ತನ್ನದೇ ಯೋಜನೆ ರೂಪಿಸಬೇಕು. ಅದಕ್ಕೆ ಕೇಂದ್ರ ಕೊಡುವ ಹಣ ಮೊದಲಿಗಿಂತ ಶೇ. 10ರಷ್ಟು ಕಡಿಮೆ. ಪಿಂಚಣಿ ವಯಸ್ಸಿನವರ ನೆರವನ್ನು ಮಾತ್ರ ಯಾವ ಕೌನ್ಸಿಲ್ಲೂ ಮುಟ್ಟುವಂತಿಲ್ಲ. ಸ್ಥಳೀಯ ಸ್ವಾತಂತ್ರ್ಯ ಎಂಬ ಹೆಸರಿನಲ್ಲಿ ಬಂದ ಈ ಬದಲಾವಣೆಯಲ್ಲಿ ಕೌನ್ಸಿಲ್‌ಗಳಿಗೆ ಸಿಕ್ಕ ಸ್ವಾತಂತ್ರ್ಯ ಮುಖ್ಯವಾಗಿ ಯಾರ ನೆರವು ಕಡಿಮೆ ಮಾಡಬೇಕು ಎಂಬುದನ್ನು ಆರಿಸುವ ಸ್ವಾತಂತ್ರ್ಯ. ಪೋಲ್ ಟ್ಯಾಕ್ಸ್ ತಂದ ಸರ್ಕಾರದಲ್ಲಿ ಸಚಿವರಾಗಿದ್ದ ಪ್ಯಾಟ್ರಿಕ್ ಜೆಂಕಿನ್ ಅವರೇ, ಅಂದಿನ ತಪ್ಪು ಮರುಕಳಿಸುತ್ತಿದೆ ಎಂದು ಎಚ್ಚರಿಸಿದ್ದರು.

ಶೇ. 10ರ ಕಡಿತ ಬಡವರ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಹೇಗೆ ಹಿಗ್ಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಒಂದು ಊರಿನಲ್ಲಿ ನೆರವಿಗೆ 100 ಪೌಂಡ್ ಖರ್ಚಾಗುತ್ತಿತ್ತು, ಅದರಲ್ಲಿ 40 ಪಿಂಚಣಿದಾರರಿಗೆ ಹೋಗುತ್ತಿತ್ತು ಎಂದುಕೊಳ್ಳಿ. ಈಗ ಬರುವುದು 90. ಪಿಂಚಣಿದಾರರ 40 ಹಾಗೆಯೇ ಇರಬೇಕು. ಉಳಿದವರಿಗೆ 60ರ ಬದಲು 50. ಅವರ ಪಾಲಿಗೆ ಇದು ಶೇ. 10 ಅಲ್ಲ, ಸುಮಾರು ಶೇ. 17. ಅರ್ಜಿದಾರರ ಸಂಖ್ಯೆ ಏರುತ್ತಿದ್ದರೆ ಇನ್ನೂ ಹೆಚ್ಚು. ಹ್ಯಾರಿಂಗೇಯಲ್ಲಿ ಆದದ್ದು ಇದೇ: ಕೊರತೆ 57 ಲಕ್ಷ ಪೌಂಡ್‌ಗಳಷ್ಟಾಗಬಹುದು, ದುಡಿಯುವ ವಯಸ್ಸಿನವರು ಈಗ ಪಡೆಯುತ್ತಿರುವ ಪ್ರತಿ ಐದು ಪೌಂಡಿನಲ್ಲಿ ಸುಮಾರು ಒಂದು ಪೌಂಡ್ ಕಳೆದುಕೊಳ್ಳಬಹುದು ಎಂದು ಕೌನ್ಸಿಲ್ ತನ್ನ ಪತ್ರದಲ್ಲಿ ಲೆಕ್ಕ ಕೊಟ್ಟಿತ್ತು. ಪೋಲ್ ಟ್ಯಾಕ್ಸ್ ಕಾಲದ ಅದೇ ಐದನೇ ಒಂದು ಭಾಗ.

ಪತ್ರ

ಹ್ಯಾರಿಂಗೇ ಎರಡು ಮುಖಗಳಿರುವ ಬರೋ. ಪಶ್ಚಿಮಕ್ಕೆ ಹೈಗೇಟ್, ಮಸ್ವೆಲ್ ಹಿಲ್‌ನಂತಹ ಸ್ಥಿತಿವಂತರ ಬಡಾವಣೆಗಳು. ಪೂರ್ವಕ್ಕೆ ಟೊಟೆನ್‌ಹ್ಯಾಮ್, ನಾರ್ತಂಬರ್ಲೆಂಡ್ ಪಾರ್ಕ್‌ನಂತಹ, ಇಂಗ್ಲೆಂಡಿನಲ್ಲೇ ಅತಿ ಹಿಂದುಳಿದವೆಂದು ಗುರುತಿಸಲಾದ ಪ್ರದೇಶಗಳು. 2011ರ ಆಗಸ್ಟ್‌ನಲ್ಲಿ ಇಡೀ ಇಂಗ್ಲೆಂಡನ್ನು ನಡುಗಿಸಿದ ಗಲಭೆ ಆರಂಭವಾದದ್ದು ಟೊಟೆನ್‌ಹ್ಯಾಮ್‌ನಲ್ಲೇ. ಪತ್ರ ಬಂದದ್ದು ಅದಾದ ಒಂದು ವರ್ಷಕ್ಕೆ. ಕೌನ್ಸಿಲ್‌ನಲ್ಲಿ ಅಧಿಕಾರದಲ್ಲಿದ್ದದ್ದು ಲೇಬರ್ ಪಕ್ಷ. ಕಡಿತ ಅವರ ಆಯ್ಕೆಯಾಗಿರಲಿಲ್ಲ, ಅದನ್ನು ಅವರು ಬಹಿರಂಗವಾಗಿಯೇ ವಿರೋಧಿಸಿದ್ದರು. ಈ ಮಾತನ್ನು ಮರೆತರೆ ಪ್ರಕರಣ ಅರ್ಥವಾಗುವುದಿಲ್ಲ. ಕೆಡುಕು ಮಾಡಬೇಕೆಂದು ಹೊರಟವರ ಕಥೆಯಲ್ಲ ಇದು.

ಕಾಲಾವಕಾಶವೂ ಅವರ ಕೈಯಲ್ಲಿರಲಿಲ್ಲ. ಹೊಸ ಯೋಜನೆಗೆ ಅಧಿಕಾರ ಕೊಡುವ ಸ್ಥಳೀಯ ಸರ್ಕಾರ ಹಣಕಾಸು ಕಾಯ್ದೆಗೆ ರಾಣಿಯ ಅಂಕಿತ ಬಿದ್ದದ್ದು 2012ರ ಅಕ್ಟೋಬರ್ 31ರಂದು. ಪ್ರತಿ ಕೌನ್ಸಿಲ್ ತನ್ನ ಯೋಜನೆಗೆ 2013ರ ಜನವರಿ 31ರೊಳಗೆ ಅನುಮೋದನೆ ಕೊಡಬೇಕಿತ್ತು. ತಪ್ಪಿದರೆ ಹಳೆಯ ಯೋಜನೆಯನ್ನೇ ಹೋಲುವ ವ್ಯವಸ್ಥೆ ತಾನಾಗಿಯೇ ಜಾರಿಗೆ ಬರುತ್ತಿತ್ತು, ಇಡೀ ಕೊರತೆ ಕೌನ್ಸಿಲ್‌ನ ತಲೆಯ ಮೇಲೆ ಬೀಳುತ್ತಿತ್ತು. ಹಾಗಾಗಿ ಮಸೂದೆ ಕಾಯ್ದೆಯಾಗುವ ಮುನ್ನವೇ ಸಮಾಲೋಚನೆ ಆರಂಭಿಸಬೇಕಾಯಿತು. ಆ ಕಾಯ್ದೆ ಒಂದು ಕ್ರಮವನ್ನೂ ವಿಧಿಸಿತ್ತು: ಮೊದಲು ತೆರಿಗೆಯಲ್ಲಿ ಪಾಲು ಪಡೆಯುವ ಮೇಲಿನ ಸ್ಥಳೀಯ ಸಂಸ್ಥೆಯನ್ನು ಕೇಳಬೇಕು, ಬಳಿಕ ಕರಡು ಯೋಜನೆ ಪ್ರಕಟಿಸಬೇಕು, ಆಮೇಲೆ ಯೋಜನೆಯಲ್ಲಿ ಆಸಕ್ತಿ ಇರಬಹುದಾದ ಇತರರನ್ನು ಕೇಳಬೇಕು.

ಈಗ ಪತ್ರವನ್ನು ಹತ್ತಿರದಿಂದ ನೋಡೋಣ. ಅದರ ವಾದ ಮೂರು ಹೆಜ್ಜೆಗಳಲ್ಲಿ ಸಾಗುತ್ತದೆ. ಸರ್ಕಾರ ಹಣ ಕಡಿತ ಮಾಡಿದೆ. ಪಿಂಚಣಿದಾರರನ್ನು ಮುಟ್ಟುವಂತಿಲ್ಲ. ಆದ್ದರಿಂದ ಉಳಿದವರ ನೆರವು ಕಡಿಮೆಯಾಗುತ್ತದೆ. ಮೊದಲ ಎರಡು ಹೆಜ್ಜೆ ನಿಜ. ಮೂರನೆಯದರಲ್ಲಿರುವ 'ಆದ್ದರಿಂದ' ನಿಜವಲ್ಲ. ಕೊರತೆಯನ್ನು ನೆರವು ಪಡೆಯುವವರ ಮೇಲೆಯೇ ಹಾಕಬೇಕೆಂದು ಯಾವ ಕಾನೂನೂ ಹೇಳಿರಲಿಲ್ಲ. ಎಲ್ಲರ ತೆರಿಗೆಯನ್ನು ಸ್ವಲ್ಪ ಏರಿಸಬಹುದಿತ್ತು. ಬೇರೆ ಸೇವೆಗಳ ಖರ್ಚು ತಗ್ಗಿಸಬಹುದಿತ್ತು. ಮೀಸಲು ನಿಧಿಯಿಂದ ಹಣ ತೆಗೆಯಬಹುದಿತ್ತು. ಈ ಮೂರನ್ನೂ ಬೆರೆಸಿ ಹಂಚಿಕೊಳ್ಳಬಹುದಿತ್ತು. ಕೌನ್ಸಿಲ್ ಇವನ್ನು ಬೇಡವೆಂದು ಬಿಟ್ಟಿತ್ತು, ಬಿಡಲು ಅದಕ್ಕೆ ಕಾರಣಗಳೂ ಇದ್ದವು. ಆದರೆ ಹೀಗೊಂದು ಆಯ್ಕೆ ನಮ್ಮ ಮುಂದಿತ್ತು, ಇಂಥ ಕಾರಣಕ್ಕೆ ಅದನ್ನು ಬಿಟ್ಟೆವು ಎಂಬ ಒಂದು ಸಾಲೂ ಪತ್ರದಲ್ಲಿ ಇರಲಿಲ್ಲ.

ಪ್ರಶ್ನಾವಳಿಯೂ ಅದೇ ಚೌಕಟ್ಟಿನೊಳಗೆ ಇತ್ತು. ಕಡಿತ ಆಗುತ್ತದೆ ಎಂದು ಒಪ್ಪಿಕೊಂಡ ಮೇಲೆ, ಅದನ್ನು ಯಾರ ಯಾರ ನಡುವೆ ಹೇಗೆ ಹಂಚಬೇಕು, ಯಾರನ್ನು ಕಾಪಾಡಬೇಕು ಎಂಬ ಪ್ರಶ್ನೆಗಳು. ಅಂಗವಿಕಲರಿಗೆ ರಕ್ಷಣೆ ಕೊಟ್ಟರೆ ಉಳಿದವರ ಮೇಲಿನ ಹೊರೆ ಹೆಚ್ಚುತ್ತದೆ. ಅಂದರೆ ಬಡವರು ತಮ್ಮೊಳಗೇ ಯಾರು ಹೆಚ್ಚು ಬಡವರು ಎಂದು ತೀರ್ಮಾನಿಸಬೇಕು. ಬೀದಿಯ ಆ ಬದಿಯಲ್ಲಿ ದೊಡ್ಡ ಮನೆಯಲ್ಲಿರುವವರು ವಾರಕ್ಕೆ ಕೆಲವು ಪೆನ್ನಿ ಹೆಚ್ಚು ಕಟ್ಟಬಹುದೇ ಎಂಬ ಪ್ರಶ್ನೆ ಕಾಗದದ ಮೇಲೆ ಎಲ್ಲೂ ಇರಲಿಲ್ಲ. ಕೊನೆಯಲ್ಲಿ ಬೇರೇನಾದರೂ ಹೇಳುವುದಿದ್ದರೆ ಬರೆಯಿರಿ ಎಂದು ಖಾಲಿ ಜಾಗ ಬಿಟ್ಟಿದ್ದರು. ಸಾವಿರಕ್ಕೂ ಹೆಚ್ಚು ಉತ್ತರಗಳು ಬಂದವು. ಕೊರತೆ ತುಂಬುವ ಬೇರೆ ದಾರಿಗಳ ಬಗ್ಗೆ ಬರೆದವರು ಬೆರಳೆಣಿಕೆಯಷ್ಟು ಜನ. ಬೇರೆ ದಾರಿ ಇದೆಯೆಂದೇ ಹೇಳದಿದ್ದಾಗ ಬರೆಯುವವರಾದರೂ ಎಲ್ಲಿಂದ ಬರಬೇಕು?

ಸಮಾಲೋಚನೆ ನಡೆಯುತ್ತಿರುವಾಗಲೇ ಇನ್ನೊಂದು ಬೆಳವಣಿಗೆಯಾಯಿತು. ಅಕ್ಟೋಬರ್ 16ರಂದು ಕೇಂದ್ರ ಸರ್ಕಾರ ಹತ್ತು ಕೋಟಿ ಪೌಂಡ್‌ಗಳ ಪರಿವರ್ತನಾ ಅನುದಾನ ಪ್ರಕಟಿಸಿತು. ಈವರೆಗೆ ಪೂರ್ತಿ ನೆರವು ಪಡೆದವರು ತಮ್ಮ ತೆರಿಗೆಯ ಶೇ. 8.5ಕ್ಕಿಂತ ಹೆಚ್ಚು ಕಟ್ಟದಂತೆ ಯೋಜನೆ ರೂಪಿಸುವ ಕೌನ್ಸಿಲ್‌ಗಳಿಗೆ ಒಂದು ವರ್ಷದ ಮಟ್ಟಿಗೆ ಈ ಹಣದಲ್ಲಿ ಪಾಲು. ಹ್ಯಾರಿಂಗೇ ಅದನ್ನು ತೆಗೆದುಕೊಳ್ಳಲಿಲ್ಲ. ಇಂಥದ್ದೊಂದು ಅನುದಾನ ಬಂದಿದೆ ಎಂದು, ಉತ್ತರ ಕಳುಹಿಸಲು ಇನ್ನೂ ಒಂದು ತಿಂಗಳ ಅವಕಾಶವಿದ್ದ ಜನರಿಗೆ ತಿಳಿಸಲೂ ಇಲ್ಲ. ಒಂದೇ ವರ್ಷದ, ಕೊರತೆಯನ್ನು ಪೂರ್ತಿ ತುಂಬದ ಹಣವನ್ನು ನಂಬಿ ಯೋಜನೆ ರೂಪಿಸುವುದು ಕಷ್ಟ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಐದನೇ ಒಂದು ಭಾಗ ಕಟ್ಟುವುದೋ, ಹನ್ನೆರಡನೇ ಒಂದು ಭಾಗ ಕಟ್ಟುವುದೋ ಎಂಬುದು ಕಟ್ಟುವವರಿಗೆ ತಿಳಿಯಬೇಕಾದ ಸಂಗತಿ ಎಂದು ಯಾರಿಗೂ ಅನ್ನಿಸದೆ ಹೋದದ್ದು ನನಗೆ ಬೇಸರ ತರಿಸುತ್ತದೆ.

2013ರ ಜನವರಿ 17ರಂದು ಕೌನ್ಸಿಲ್‌ನ ಪೂರ್ಣ ಸಭೆ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಜನರ ಉತ್ತರಗಳಿಂದ ಒಂದು ಒಳ್ಳೆಯ ಬದಲಾವಣೆ ಆಗಿತ್ತು: ಪಿಂಚಣಿದಾರರ ಜೊತೆಗೆ ಅಂಗವಿಕಲರಿಗೂ ರಕ್ಷಣೆ ಸಿಕ್ಕಿತು. ಉಳಿದವರೆಲ್ಲರ ನೆರವಿನಲ್ಲಿ ಶೇ. 19.8ರಷ್ಟು ಕಡಿತ.

ಏಪ್ರಿಲ್

ವರ್ಷಕ್ಕೆ 1,200 ಪೌಂಡ್ ಕೌನ್ಸಿಲ್ ತೆರಿಗೆ ಇರುವ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹಿಂದೆ ಪೂರ್ತಿ ನೆರವಿತ್ತು, ಕಟ್ಟಬೇಕಾದದ್ದು ಸೊನ್ನೆ. ಈಗ ಶೇ. 19.8 ಎಂದರೆ ಸುಮಾರು 238 ಪೌಂಡ್, ವಾರಕ್ಕೆ ನಾಲ್ಕೂವರೆ ಪೌಂಡ್‌ಗಿಂತ ತುಸು ಹೆಚ್ಚು. ಅದೇ ವರ್ಷ 25 ದಾಟಿದ ಒಬ್ಬ ನಿರುದ್ಯೋಗಿಗೆ ವಾರಕ್ಕೆ ಸಿಗುತ್ತಿದ್ದ ಭತ್ಯೆ 71 ಪೌಂಡ್ 70 ಪೆನ್ನಿ. ಊಟ, ವಿದ್ಯುತ್, ಗ್ಯಾಸ್, ಬಟ್ಟೆ, ಬಸ್ಸು ಎಲ್ಲವೂ ಅದರಲ್ಲೇ ಆಗಬೇಕು. ಇಂಥ ಆದಾಯದಲ್ಲಿ ವಾರಕ್ಕೆ ನಾಲ್ಕೂವರೆ ಪೌಂಡ್ ಎಂದರೆ ವಿದ್ಯುತ್ ಮೀಟರಿಗೆ ಮುಂಗಡವಾಗಿ ಹಾಕುವ ಹಣವೋ ಒಂದೆರಡು ದಿನದ ಊಟವೋ ಆಗಿರುತ್ತದೆ.

ಆ ತಿಂಗಳು ಬಂದದ್ದು ಇದೊಂದೇ ಕಡಿತವೂ ಅಲ್ಲ. ಅಗತ್ಯಕ್ಕಿಂತ ಹೆಚ್ಚು ಮಲಗುವ ಕೋಣೆ ಇದೆಯೆಂದು ಸಾರ್ವಜನಿಕ ವಸತಿಯ ಬಾಡಿಗೆ ನೆರವಿನಲ್ಲಿ ಶೇ. 14 ಅಥವಾ 25 ಕಳೆಯುವ ನಿಯಮವೂ 2013ರ ಏಪ್ರಿಲ್‌ನಲ್ಲೇ ಜಾರಿಯಾಯಿತು. ಒಂದು ಕುಟುಂಬಕ್ಕೆ ಎಲ್ಲ ನೆರವೂ ಸೇರಿ ವಾರಕ್ಕೆ 500 ಪೌಂಡ್ ಮೀರಬಾರದೆಂಬ ಮಿತಿಯನ್ನು ಮೊದಲು ಪ್ರಯೋಗಿಸಿದ ನಾಲ್ಕು ಬರೋಗಳಲ್ಲಿ ಹ್ಯಾರಿಂಗೇ ಕೂಡ ಒಂದು. ಬೇರೆ ಬೇರೆ ಇಲಾಖೆಗಳು ಬೇರೆ ಬೇರೆ ಕಡತಗಳಲ್ಲಿ ತೀರ್ಮಾನಿಸಿದ ಕಡಿತಗಳು ಒಂದೇ ಅಡುಗೆಮನೆಗೆ ಬಂದು ಸೇರಿದವು.

ಕಟ್ಟಲಾಗದಿದ್ದರೆ ಏನಾಗುತ್ತದೆ? ತೆರಿಗೆಯನ್ನು ಸಾಮಾನ್ಯವಾಗಿ ಹತ್ತು ತಿಂಗಳ ಕಂತುಗಳಲ್ಲಿ ಕಟ್ಟಬಹುದು. ಒಂದು ಕಂತು ತಪ್ಪಿದರೆ ನೆನಪೋಲೆ ಬರುತ್ತದೆ. ಅದಕ್ಕೂ ಕಟ್ಟದಿದ್ದರೆ ಕಂತಿನ ಸೌಲಭ್ಯ ಹೋಗಿ ವರ್ಷದ ಬಾಕಿ ಒಟ್ಟಿಗೆ ಕಟ್ಟಬೇಕು. ನಂತರ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಸಮನ್ಸ್, ಅದರ ಖರ್ಚೂ ಬಾಕಿದಾರರ ಮೇಲೆಯೇ. ಆಮೇಲೆ ಭತ್ಯೆಯಿಂದ ನೇರ ಕಡಿತ, ಅಥವಾ ಸಾಮಾನು ಜಪ್ತಿಗೆ ಬೇಲಿಫ್‌ಗಳು, ಅವರ ಶುಲ್ಕ ಬೇರೆ. ಬೇಕೆಂದೇ ಕಟ್ಟದವರನ್ನು ಮೂರು ತಿಂಗಳವರೆಗೆ ಜೈಲಿಗೆ ಕಳುಹಿಸುವ ಅಧಿಕಾರವೂ ಇಂಗ್ಲೆಂಡಿನ ಕಾನೂನಿನಲ್ಲಿ ಇತ್ತು. ಇಪ್ಪತ್ತು ಪೌಂಡಿನ ಒಂದು ಕಂತು ತಪ್ಪಿಸಿದವರು ಕೆಲವೇ ವಾರಗಳಲ್ಲಿ ನೂರಾರು ಪೌಂಡ್‌ಗಳ ಸಾಲಗಾರರಾಗುವುದು ಹೀಗೆ.

ಹ್ಯಾರಿಂಗೇಯಲ್ಲಿ ಆ ಸಮನ್ಸ್ ಖರ್ಚು 125 ಪೌಂಡ್ ಇತ್ತು. ಟೊಟೆನ್‌ಹ್ಯಾಮ್‌ನಲ್ಲಿ ನೆಲೆಸಿದ್ದ ನಿವೃತ್ತ ಪಾದ್ರಿ ಪಾಲ್ ನಿಕೋಲ್ಸನ್ ಬಡವರ ಮೇಲಿನ ಈ ತೆರಿಗೆಯನ್ನು ಪ್ರತಿಭಟಿಸಿ ತಮ್ಮ ತೆರಿಗೆ ಕಟ್ಟುವುದನ್ನೇ ನಿಲ್ಲಿಸಿದರು. ಸಾಲದಲ್ಲಿ ಮುಳುಗಿದವರ ಪರವಾಗಿ ದಶಕಗಳಿಂದ ದುಡಿಯುತ್ತಿದ್ದ ವ್ಯಕ್ತಿ ಅವರು. ನ್ಯಾಯಾಲಯಕ್ಕೆ ಕರೆಸಿದಾಗ, ಈ 125 ಪೌಂಡ್ ಹೇಗೆ ಬಂತು, ಲೆಕ್ಕ ಕೊಡಿ ಎಂದು ಕೇಳಿದರು. ಮ್ಯಾಜಿಸ್ಟ್ರೇಟರು ಲೆಕ್ಕ ಕೇಳದೆಯೇ ಆದೇಶ ಹೊರಡಿಸಿದರು. 2015ರ ಮೇ ತಿಂಗಳಲ್ಲಿ ಹೈಕೋರ್ಟ್ ನಿಕೋಲ್ಸನ್ ಪರವಾಗಿ ತೀರ್ಪಿತ್ತಿತು: ಮೊತ್ತ ಸಮಂಜಸವೇ ಎಂದು ತೀರ್ಮಾನಿಸಲು ಬೇಕಾದ ಮಾಹಿತಿಯೇ ಮ್ಯಾಜಿಸ್ಟ್ರೇಟರ ಮುಂದೆ ಇರಲಿಲ್ಲ. ನಿಕೋಲ್ಸನ್ 2020ರಲ್ಲಿ ತೀರಿಕೊಂಡರು. ಸಾವಿರಾರು ಜನ ತಲೆ ತಗ್ಗಿಸಿ ಒಪ್ಪಿಕೊಂಡಿದ್ದ ಒಂದು ಅಂಕಿಯ ಲೆಕ್ಕ ಕೇಳಿದ ಆ ಮುದುಕರ ಬಗ್ಗೆ ನನಗೆ ತುಂಬು ಗೌರವವಿದೆ.

ನ್ಯಾಯಾಲಯದಲ್ಲಿ

ಹಳೆಯ ಯೋಜನೆಯಲ್ಲಿ ಪೂರ್ತಿ ನೆರವು ಪಡೆಯುತ್ತಿದ್ದ ಇಬ್ಬರು ಒಂಟಿ ತಾಯಂದಿರು ಸಮಾಲೋಚನೆಯ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. 2013ರ ಫೆಬ್ರವರಿಯಲ್ಲಿ ಹೈಕೋರ್ಟ್ ಅವರ ಅರ್ಜಿಯನ್ನು ತಳ್ಳಿಹಾಕಿತು. ಅದೇ ತಿಂಗಳು ಮೇಲ್ಮನವಿ ನ್ಯಾಯಾಲಯವೂ ತಳ್ಳಿಹಾಕಿತು. ತೆರಿಗೆ ಏರಿಸುವುದು, ಖರ್ಚು ತಗ್ಗಿಸುವುದು ಇವೆಲ್ಲ ಯಾರಿಗಾದರೂ ಹೊಳೆಯುವ ಪರ್ಯಾಯಗಳು, ಅವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ ಎಂಬುದು ಮೇಲ್ಮನವಿ ನ್ಯಾಯಾಲಯದ ನಿಲುವು.

ಸುಪ್ರೀಂ ಕೋರ್ಟಿನಲ್ಲಿ ಐವರು ನ್ಯಾಯಮೂರ್ತಿಗಳು ಕುಳಿತರು: ಲೇಡಿ ಹೇಲ್, ಲಾರ್ಡ್ ಕೆರ್, ಲಾರ್ಡ್ ಕ್ಲಾರ್ಕ್, ಲಾರ್ಡ್ ವಿಲ್ಸನ್, ಲಾರ್ಡ್ ರೀಡ್. ಮುಖ್ಯ ತೀರ್ಪು ಬರೆದವರು ಲಾರ್ಡ್ ವಿಲ್ಸನ್. ನ್ಯಾಯಯುತ ಸಮಾಲೋಚನೆಗೆ ಇಂಗ್ಲೆಂಡಿನಲ್ಲಿ 1985ರಿಂದ ನಾಲ್ಕು ಅಳತೆಗೋಲುಗಳು ಬಳಕೆಯಲ್ಲಿವೆ. ಹ್ಯಾರಿಂಗೇಗೆ ಹತ್ತಿರದ ಬ್ರೆಂಟ್ ಬರೋದಲ್ಲಿ ಶಾಲೆಗಳನ್ನು ಮುಚ್ಚುವ ವಿವಾದದಲ್ಲಿ ವಕೀಲ ಸ್ಟೀಫನ್ ಸೆಡ್ಲಿ ಮಂಡಿಸಿದ ವಾದದಿಂದ ಅವು ಬಂದವು. ನಿರ್ಧಾರ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಜನರನ್ನು ಕೇಳಬೇಕು. ಅವರು ಯೋಚಿಸಿ ಉತ್ತರಿಸಲು ಬೇಕಾದಷ್ಟು ಕಾರಣಗಳನ್ನು ಕೊಡಬೇಕು. ಸಾಕಷ್ಟು ಸಮಯ ಕೊಡಬೇಕು. ಬಂದ ಉತ್ತರಗಳನ್ನು ಮನಃಪೂರ್ವಕವಾಗಿ ಪರಿಗಣಿಸಬೇಕು. ಇವುಗಳಿಗೆ ಸುಪ್ರೀಂ ಕೋರ್ಟಿನ ಒಪ್ಪಿಗೆಯ ಮುದ್ರೆ ಬಿದ್ದದ್ದು ಹ್ಯಾರಿಂಗೇ ತೀರ್ಪಿನಲ್ಲೇ.

ಲಾರ್ಡ್ ವಿಲ್ಸನ್ ಅಲ್ಲಿಗೆ ನಿಲ್ಲಲಿಲ್ಲ. ಯಾರನ್ನು ಕೇಳುತ್ತಿದ್ದೇವೆ ಎಂಬುದರ ಮೇಲೆ ಎಷ್ಟು ವಿವರ ಕೊಡಬೇಕು ಎಂಬುದು ನಿಂತಿದೆ ಎಂದರು. ಆರ್ಥಿಕವಾಗಿ ದುರ್ಬಲರಾದವರನ್ನು ಕೇಳುವಾಗ ಹೆಚ್ಚು ಬಿಡಿಸಿ ಹೇಳಬೇಕು. ಮುಂದೆಂದೋ ಸಿಗಬಹುದಾದ ಸೌಲಭ್ಯವನ್ನು ನಿರಾಕರಿಸುವಾಗ ಬೇಕಾದ ಎಚ್ಚರಕ್ಕಿಂತ, ಈಗಾಗಲೇ ಕೈಯಲ್ಲಿರುವ ಸೌಲಭ್ಯವನ್ನು ಕಿತ್ತುಕೊಳ್ಳುವಾಗ ಬೇಕಾದ ಎಚ್ಚರ ದೊಡ್ಡದು. ಪರ್ಯಾಯಗಳು ಜನರಿಗೆ ತಾವಾಗಿಯೇ ಹೊಳೆಯುತ್ತವೆ ಎಂಬ ಮಾತನ್ನು ಅವರು ಒಪ್ಪಲಿಲ್ಲ. ನೆರವಿನ ಮೇಲೆ ಬದುಕುವ ಕುಟುಂಬವೊಂದಕ್ಕೆ ಕೌನ್ಸಿಲ್‌ನ ಮೀಸಲು ನಿಧಿಯ ಬಗ್ಗೆ ಗೊತ್ತಿರುತ್ತದೆ ಎಂದು ಊಹಿಸಿಕೊಳ್ಳುವುದು ಹೇಗೆ? ಅದಕ್ಕಿಂತ ಗಂಭೀರವಾದದ್ದು, ಕೊರತೆಯಿಂದ ಕಡಿತ ಅನಿವಾರ್ಯವಾಗಿ ಹುಟ್ಟುತ್ತದೆ ಎಂಬ ಭಾವನೆಯನ್ನು ಪತ್ರವೇ ಮೂಡಿಸಿತ್ತು. ಅದು ಬರೀ ಮೌನವಲ್ಲ, ತಪ್ಪುದಾರಿಗೆ ಎಳೆಯುವ ಮಾತು.

ಲಾರ್ಡ್ ರೀಡ್ ಇನ್ನೊಂದು ದಿಕ್ಕಿನಿಂದ ಅದೇ ತೀರ್ಮಾನಕ್ಕೆ ಬಂದರು. ಎಲ್ಲ ಆಡಳಿತ ನಿರ್ಧಾರಗಳಿಗೂ ಜನರನ್ನು ಕೇಳಬೇಕೆಂಬ ಸಾಮಾನ್ಯ ಕರ್ತವ್ಯ ಕಾನೂನಿನಲ್ಲಿ ಇಲ್ಲ. ಆದರೆ ಈ ಕಾಯ್ದೆ ಕೇಳಬೇಕೆಂದು ಹೇಳಿದೆ, ಹೇಳಿರುವುದು ಜನ ನಿರ್ಧಾರದಲ್ಲಿ ಭಾಗವಹಿಸಲಿ ಎಂಬ ಉದ್ದೇಶದಿಂದ. ಪರಿಣತಿ ಇಲ್ಲದ ಸಾಮಾನ್ಯ ಜನ ಅರ್ಥವತ್ತಾಗಿ ಭಾಗವಹಿಸಬೇಕಾದರೆ, ಕೌನ್ಸಿಲ್ ಏನೇನು ಯೋಚಿಸಿ ಯಾವುದನ್ನು ಯಾಕೆ ಬಿಟ್ಟಿತು ಎಂಬುದನ್ನು ಚುಟುಕಾಗಿಯಾದರೂ ಅವರಿಗೆ ತಿಳಿಸಬೇಕು. ನನಗೆ ಈ ವಾದ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ನೆರವು ಪಡೆಯುವವರನ್ನು ಕೈಚಾಚಿ ನಿಂತವರಂತೆ ನೋಡದೆ, ಊರಿನ ಲೆಕ್ಕದಲ್ಲಿ ಮಾತನಾಡಲು ಹಕ್ಕಿರುವ ನಾಗರಿಕರಂತೆ ಅದು ನೋಡುತ್ತದೆ.

ಕೌನ್ಸಿಲ್‌ನ ಕಷ್ಟವನ್ನೂ ಇಲ್ಲಿ ಹೇಳಬೇಕು. ತೆರಿಗೆ ಏರಿಸುವ ದಾರಿ ಸುಲಭವಾಗಿರಲಿಲ್ಲ. ಆಗಿನ ಸಚಿವ ಎರಿಕ್ ಪಿಕಲ್ಸ್ ಅವರ ಇಲಾಖೆ, ತೆರಿಗೆ ಏರಿಸದ ಕೌನ್ಸಿಲ್‌ಗಳಿಗೆ ಪ್ರತ್ಯೇಕ ಅನುದಾನ ಕೊಡುತ್ತಿತ್ತು. ನಿಗದಿತ ಮಿತಿ ಮೀರಿ ಏರಿಸಬೇಕಾದರೆ ಜನಮತಗಣನೆ ನಡೆಸಬೇಕಿತ್ತು. ಸೇವೆಗಳನ್ನು ಕಡಿಮೆ ಮಾಡಿದರೂ ಪೆಟ್ಟು ಬೀಳುವುದು ಹೆಚ್ಚಾಗಿ ಬಡವರಿಗೇ. ಮೀಸಲು ನಿಧಿ ಒಮ್ಮೆ ಖಾಲಿಯಾದರೆ ಮರುವರ್ಷ ಅದೇ ಕೊರತೆ ಮತ್ತೆ ಎದುರಾಗುತ್ತದೆ. ಇವೆಲ್ಲ ಒಪ್ಪಬಹುದಾದ ಕಾರಣಗಳು. ಈ ನಾಲ್ಕು ವಾಕ್ಯಗಳನ್ನು ಪತ್ರದಲ್ಲಿ ಬರೆದಿದ್ದರೆ ಕೌನ್ಸಿಲ್ ಗೆಲ್ಲುತ್ತಿತ್ತು. ಬರೆಯದಿರಲು ಕಾರಣ ದುರುದ್ದೇಶ ಎಂದು ನನಗೆ ಅನ್ನಿಸುವುದಿಲ್ಲ. ಕಚೇರಿಯೊಳಗೆ ತೀರ್ಮಾನವಾಗಿ ಹೋದ ಸಂಗತಿಯನ್ನು ಹೊರಗಿನವರಿಗೆ ಮತ್ತೆ ತೆರೆದಿಡುವುದು ಅನಗತ್ಯ ಗೊಂದಲ ಎಂಬ ಭಾವನೆ ಎಲ್ಲ ಕಚೇರಿಗಳಲ್ಲೂ ಇರುತ್ತದೆ, ನಮ್ಮ ನಗರಸಭೆ, ಪಂಚಾಯಿತಿಗಳಲ್ಲಿಯೂ.

ಗೆಲುವಿನ ಬೆಲೆ

ಸಮಾಲೋಚನೆ ಕಾನೂನುಬಾಹಿರ ಎಂದು ಐವರೂ ಒಮ್ಮತದಿಂದ ಹೇಳಿದರು. ಆದರೆ ಯೋಜನೆಯನ್ನು ರದ್ದು ಮಾಡಲಿಲ್ಲ, ಹೊಸದಾಗಿ ಸಮಾಲೋಚನೆ ನಡೆಸಿ ಎಂದೂ ಆದೇಶಿಸಲಿಲ್ಲ. ಯೋಜನೆ ಜಾರಿಗೆ ಬಂದು ಒಂದೂವರೆ ವರ್ಷ ಕಳೆದಿತ್ತು; ಎರಡನೇ ವರ್ಷಕ್ಕೂ ಅದೇ ಮುಂದುವರಿದಿತ್ತು; ಎರಡು ವರ್ಷದ ಹಣಕಾಸನ್ನು ಹಿಂದಕ್ಕೆ ತಿರುಗಿಸುವುದು ಅತಿಯಾದ ಕ್ರಮವಾಗುತ್ತದೆ ಎಂಬುದು ಕಾರಣ. ಸಿಕ್ಕದ್ದು ಸಮಾಲೋಚನೆ ಕಾನೂನುಬಾಹಿರವಾಗಿತ್ತು ಎಂಬ ಒಂದು ಘೋಷಣೆ ಮಾತ್ರ. ಶೇ. 19.8 ಹಾಗೆಯೇ ಉಳಿಯಿತು.

ಕಾನೂನಿನ ದೃಷ್ಟಿಯಿಂದ ಇದನ್ನು ಸಮರ್ಥಿಸಬಹುದು. ನನಗೆ ಸಮಾಧಾನವಿಲ್ಲ. ಏಪ್ರಿಲ್‌ನಲ್ಲಿ ಬಿಲ್ ಬರುತ್ತದೆ, ಮೇ ತಿಂಗಳಲ್ಲಿ ನೆನಪೋಲೆ, ಬೇಸಿಗೆ ಮುಗಿಯುವುದರೊಳಗೆ ಸಮನ್ಸ್. ವಸೂಲಿಯ ಗಡಿಯಾರ ವಾರಗಳಲ್ಲಿ ಓಡುತ್ತದೆ, ನ್ಯಾಯದ ಗಡಿಯಾರ ವರ್ಷಗಳಲ್ಲಿ. ವಿಳಂಬವೇ ಪರಿಹಾರ ನಿರಾಕರಿಸಲು ಕಾರಣವಾದರೆ, ಮೊದಲ ಎರಡು ನ್ಯಾಯಾಲಯಗಳಲ್ಲಿ ಸೋತದ್ದರ ಬೆಲೆಯನ್ನು ಆ ತಾಯಂದಿರೇ ತೆತ್ತಂತಾಯಿತು. ಕನಿಷ್ಠಪಕ್ಷ ಮುಂದಿನ ವರ್ಷದ ಯೋಜನೆಗೆ ಮುನ್ನ ಎಲ್ಲ ಆಯ್ಕೆಗಳನ್ನೂ ಜನರ ಮುಂದಿಡಬೇಕೆಂದು ನ್ಯಾಯಾಲಯ ನಿರ್ದೇಶಿಸಬಹುದಿತ್ತು ಎಂಬುದು ನನ್ನ ಅಭಿಪ್ರಾಯ.

ಬೇರೆ ದಾರಿ ಇರಲಿಲ್ಲ ಎಂಬ ಮಾತಿಗೆ ದೇಶದ ಉಳಿದ ಭಾಗಗಳೇ ಉತ್ತರ. ಸ್ಕಾಟ್ಲೆಂಡ್ ಮತ್ತು ವೇಲ್ಸ್ ಸರ್ಕಾರಗಳು ಕಡಿತವನ್ನು ತಾವೇ ಭರಿಸಿ ಪೂರ್ತಿ ನೆರವನ್ನು ಉಳಿಸಿಕೊಂಡವು. ವೇಲ್ಸ್ 2019ರ ಏಪ್ರಿಲ್‌ನಿಂದ ಕೌನ್ಸಿಲ್ ತೆರಿಗೆ ಬಾಕಿಗೆ ಜೈಲು ಶಿಕ್ಷೆಯನ್ನೂ ತೆಗೆದುಹಾಕಿತು. ಇಂಗ್ಲೆಂಡಿನೊಳಗೆ, ಹ್ಯಾರಿಂಗೇಯಷ್ಟೇ ಬಡತನವಿರುವ ಪೂರ್ವ ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್, ಉತ್ತರದ ಹಳೆಯ ಗಣಿ ಸೀಮೆ ಡರ್ಹಮ್ ಪೂರ್ತಿ ನೆರವನ್ನು ಮುಂದುವರಿಸಿದವು. ಇನ್ನೊಂದು ತುದಿಯಲ್ಲಿ ಸ್ಯಾಂಡ್‌ವೆಲ್ ಕೌನ್ಸಿಲ್, ಎರಡು ವರ್ಷ ತನ್ನ ಪ್ರದೇಶದಲ್ಲಿ ವಾಸಿಸದವರಿಗೆ ನೆರವೇ ಇಲ್ಲ ಎಂದು ನಿಯಮ ಮಾಡಿ, 2014ರಲ್ಲಿ ಹೈಕೋರ್ಟಿನಲ್ಲಿ ಸೋತಿತು. ಒಂದೇ ಆದಾಯದ ಎರಡು ಕುಟುಂಬಗಳು, ಬರೋ ಗಡಿಯ ಆಚೆ ಈಚೆ ಇದ್ದಾರೆಂಬ ಒಂದೇ ಕಾರಣಕ್ಕೆ ಬೇರೆ ಬೇರೆ ಬಿಲ್ ಪಡೆಯುವ ಸ್ಥಿತಿ ಬಂತು.

ಕಡಿತದಿಂದ ಉಳಿಯಬೇಕಿದ್ದ ಹಣವಾದರೂ ಪೂರ್ತಿ ಕೈಸೇರಿತೇ? ಇಲ್ಲ. ಇಂಗ್ಲೆಂಡಿನ ಯೋಜನೆಗಳನ್ನೆಲ್ಲ ಪರಿಶೀಲಿಸಿ ಹಣಕಾಸು ಅಧ್ಯಯನ ಸಂಸ್ಥೆ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನೆರವು ಕಡಿತದಿಂದ ಬರಬೇಕಿದ್ದ ಹೆಚ್ಚುವರಿ ತೆರಿಗೆಯಲ್ಲಿ ಸುಮಾರು ಕಾಲು ಭಾಗ ವಸೂಲಾಗಲೇ ಇಲ್ಲ. ಇಲ್ಲದವರಿಂದ ವಸೂಲು ಮಾಡಲು ಕಚೇರಿ, ನ್ಯಾಯಾಲಯ, ಬೇಲಿಫ್ ಎಂದು ಆಗುವ ಖರ್ಚು ಬೇರೆ.

ಬ್ರಿಟನ್ನಿನಲ್ಲಿರುವ ನಮ್ಮವರಿಗೆ ಒಂದು ಮಾತು. ತಾತ್ಕಾಲಿಕ ವೀಸಾದಲ್ಲಿ ಸಾರ್ವಜನಿಕ ನಿಧಿಯ ನೆರವು ಪಡೆಯುವಂತಿಲ್ಲ ಎಂಬ ಷರತ್ತಿದ್ದರೆ, ಕಡಿಮೆ ಆದಾಯದವರಿಗಿರುವ ಈ ತೆರಿಗೆ ನೆರವೂ ಅದರಲ್ಲಿ ಸೇರುತ್ತದೆ; ಅರ್ಜಿ ಹಾಕಿದರೆ ವೀಸಾಕ್ಕೆ ತೊಂದರೆಯಾಗಬಹುದು. ಆದರೆ ಒಬ್ಬರೇ ವಾಸಿಸುವವರಿಗೆ ಸಿಗುವ ಶೇ. 25ರ ರಿಯಾಯಿತಿ, ಪೂರ್ಣಾವಧಿ ವಿದ್ಯಾರ್ಥಿಗಳಿಗಿರುವ ವಿನಾಯಿತಿ ಸಾರ್ವಜನಿಕ ನಿಧಿಯ ಲೆಕ್ಕಕ್ಕೆ ಬರುವುದಿಲ್ಲ. ಇವೆರಡರ ವ್ಯತ್ಯಾಸ ತಿಳಿಯದೆ ಹೆದರಿ ರಿಯಾಯಿತಿಯನ್ನೂ ಬಿಟ್ಟುಕೊಡಬೇಕಾಗಿಲ್ಲ.

ಹ್ಯಾರಿಂಗೇಯಲ್ಲಿ ಬದಲಾವಣೆ ಬರಲು 2019ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಅದನ್ನು ತಂದದ್ದು ನ್ಯಾಯಾಲಯವಲ್ಲ, 2018ರ ಚುನಾವಣೆಯ ನಂತರ ಬಂದ ಹೊಸ ಕೌನ್ಸಿಲ್. ಮಕ್ಕಳಿರುವ ಕಡಿಮೆ ಆದಾಯದ ಕುಟುಂಬಗಳಿಗೆ ಪೂರ್ತಿ ನೆರವು ಪಡೆಯುವ ಅವಕಾಶ ಮತ್ತೆ ಸಿಕ್ಕಿತು. ಪಿಂಚಣಿ ವಯಸ್ಸಾಗದ, ಅಂಗವೈಕಲ್ಯದ ರಕ್ಷಣೆಗೆ ಒಳಪಡದ, ಮಕ್ಕಳಿಲ್ಲದ ಬಡವರ ಪಾಲಿಗೆ ಆಗಲೂ ಶೇ. 19.8 ಹಾಗೆಯೇ ಇತ್ತು.